ಊರೆದುರಿನ ಪತ್ರ

1610ರಲ್ಲಿ ಶ್ರೀರಂಗಪಟ್ಟಣ ಕೈ ಬದಲಾಯಿತು. ವಿಜಯನಗರದ ಅರಸರ ಪ್ರತಿನಿಧಿಯಾಗಿ ಅಲ್ಲಿದ್ದ ತಿರುಮಲರಾಯ ಪಟ್ಟಣ ಬಿಟ್ಟು ತಲಕಾಡಿನತ್ತ ಹೋದ. ಮೈಸೂರಿನ ರಾಜ ಒಡೆಯರು ಬಂದು ಆಳತೊಡಗಿದರು. ಇಷ್ಟರ ಬಗ್ಗೆ ತಕರಾರಿಲ್ಲ. ಹೇಗೆ ಬದಲಾಯಿತು ಎಂದು ಕೇಳಿದರೆ ಮಾತ್ರ ಉತ್ತರ ಒಂದಾಗಿ ಸಿಗುವುದಿಲ್ಲ. ರಾಜ ಒಡೆಯರು ಬಲದಿಂದ ತೆಗೆದುಕೊಂಡರು ಎನ್ನುವುದು ಒಂದು ಮಾತು. ಕಾಯಿಲೆ ಬಿದ್ದ ತಿರುಮಲರಾಯನೇ ಒಪ್ಪಿಸಿ ಹೋದ ಎನ್ನುವುದು ಇನ್ನೊಂದು. ತಾನು ಸತ್ತ ಮೇಲೆ ಉಮ್ಮತ್ತೂರಿನ ತನ್ನ ಬಂಧುವಿಗೆ ಸೇರಿಸಬೇಕೆಂದು ಹೇಳಿ, ನಂಬಿಕೆಯ ಮೇಲೆ ರಾಜ ಒಡೆಯರ ವಶಕ್ಕೆ ಬಿಟ್ಟು ಹೋಗಿದ್ದ ಎನ್ನುವುದು ಮೂರನೆಯದು. ಇನ್ನೂರು ವರ್ಷಗಳ ನಂತರ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಕಥನಗಳು ಒಂದಕ್ಕೊಂದು ತಾಳೆಯಾಗದ್ದನ್ನು ಕಂಡು ಕೈಚೆಲ್ಲಿದ. ಇಂದಿನ ವಕೀಲರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಆಕ್ರಮಣ, ಎರಡನೆಯದು ದಾನ, ಮೂರನೆಯದು ಟ್ರಸ್ಟು. ಒಂದು ರಾಜಧಾನಿಯ ಹಕ್ಕೇ ಹೀಗೆ ಮೂರು ದಾರಿಗೆ ಎಳೆದಾಡುವಂತಾದದ್ದಕ್ಕೆ ಕಾರಣ, ಹೋಗುವವನು ಏನು ಹೇಳಿ ಹೋದ ಎನ್ನುವುದಕ್ಕೆ ಎಲ್ಲರೂ ಒಪ್ಪುವ ಸಾಕ್ಷಿ ಇಲ್ಲದಿರುವುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸಾವಿರದ ಇನ್ನೂರು ವರ್ಷಗಳ ದಾಖಲೆಗಳನ್ನು ಆಸ್ತಿಯ ದೃಷ್ಟಿಯಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಾನು ಸತ್ತ ಮೇಲೆ ತನ್ನದು ಯಾರಿಗೆ ಎಂಬ ಏರ್ಪಾಡನ್ನು ಬದುಕಿರುವಾಗಲೇ ಊರೆದುರು ಮಾಡಿದವರ ಮಾತು ಉಳಿಯಿತು. ಒಳಮನೆಯಲ್ಲಿ ಮಾಡಿದವರದು ವ್ಯಾಜ್ಯವಾಯಿತು. ಊರೆದುರು ಮಾಡಿದ್ದೆಲ್ಲ ನ್ಯಾಯವಾಗಿತ್ತೆಂದು ಇದರ ಅರ್ಥವಲ್ಲ. ಮಾತು ಉಳಿಯುವುದನ್ನೂ ಅದು ನ್ಯಾಯವಾಗಿರುವುದನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು.

ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಐತಿಹ್ಯ ಎಲ್ಲರಿಗೂ ಗೊತ್ತು. ಅದರಲ್ಲಿ ಜನ ನೆನಪಿಟ್ಟುಕೊಂಡಿರುವುದು ಶಾಪವನ್ನು. ಶಾಪಕ್ಕೆ ಮೊದಲು ಅಲ್ಲೊಂದು ಆಸ್ತಿಯ ಪ್ರಶ್ನೆ ಇದೆ. ಅಲಮೇಲಮ್ಮನ ಒಡವೆಗಳನ್ನು ಮಂಗಳವಾರ, ಶುಕ್ರವಾರಗಳಲ್ಲಿ ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದರು, ಉಳಿದ ದಿನ ಅವು ಅವಳ ಬಳಿಯೇ ಇರುತ್ತಿದ್ದವು ಎನ್ನುತ್ತದೆ ಕಥೆ. ಪಟ್ಟಣ ಬಿಟ್ಟಾಗ ಅವಳು ಒಡವೆಗಳನ್ನು ತೆಗೆದುಕೊಂಡು ಹೋದಳು, ದೇವಸ್ಥಾನದವರು ಕೇಳಿದರು, ರಾಜನ ಆಳುಗಳು ಬೆನ್ನುಹತ್ತಿದರು, ಅವಳು ಮಾಲಂಗಿಯ ಮಡುವಿಗೆ ಹಾರಿದಳು. ನಡೆದದ್ದೋ ಕಟ್ಟಿದ್ದೋ, ಕಥೆ ಎತ್ತುವ ಪ್ರಶ್ನೆ ನಿಜವಾದದ್ದು. ಒಡವೆಗಳು ಅವಳ ಸ್ತ್ರೀಧನವೇ, ದೇವರಿಗೆ ಬಿಟ್ಟ ಸೊತ್ತೇ? ವಾರಕ್ಕೆರಡು ದಿನ ಎರವಲು ಕೊಟ್ಟಿದ್ದರೆ ಅವು ಅವಳವು. ದೇವಿಗೆ ಅರ್ಪಿಸಿ ಕಾಪಿಡಲು ಮಾತ್ರ ಮನೆಯಲ್ಲಿಟ್ಟುಕೊಂಡಿದ್ದರೆ ಅವಳು ಧರ್ಮದರ್ಶಿ, ಅಷ್ಟೇ. ಕೊಟ್ಟವಳ ಮನಸ್ಸಿನಲ್ಲಿದ್ದದ್ದು ಯಾವುದು ಎಂದು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಬಲವಿದ್ದವನು ತನಗೆ ಬೇಕಾದ ಅರ್ಥ ಮಾಡಿಕೊಂಡ. ಶಾಪಕ್ಕೆ ಸಿಕ್ಕ ವಿಷಯವೂ ಉತ್ತರಾಧಿಕಾರವೇ: ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎನ್ನುವುದು. ಆಸ್ತಿಯ ಜಗಳ ಸಂತಾನದ ಶಾಪವಾಗಿ ಮುಗಿಯುವ ಕಥೆಯನ್ನು ನಾನೂರು ವರ್ಷ ಬಿಡದೆ ಹೇಳಿಕೊಂಡು ಬಂದ ಸೀಮೆಗೆ ಈ ವಿಷಯದ ತೂಕ ಚೆನ್ನಾಗಿಯೇ ಗೊತ್ತಿತ್ತು.

ಗೊತ್ತಿತ್ತು ಎನ್ನಲು ಕಲ್ಲು, ತಾಮ್ರಗಳೇ ಸಾಕ್ಷಿ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ಸಿಕ್ಕ ಗಂಗರ ಶ್ರೀಪುರುಷನ ತಾಮ್ರಪಟಗಳು ಕ್ರಿ.ಶ. 776ರ ಸುಮಾರಿನವು. ನಿರ್ಗುಂದದ ಅರಸು ಪರಮಗೂಳನ ಹೆಂಡತಿ ಕುಂದಾಚ್ಚಿ ಶ್ರೀಪುರದಲ್ಲಿ ಲೋಕತಿಲಕ ಎಂಬ ಜಿನಾಲಯ ಕಟ್ಟಿಸಿದಳು. ಅದರ ಪೂಜೆ, ಜೀರ್ಣೋದ್ಧಾರ, ದಾನಧರ್ಮಗಳು ನಡೆಯಲೆಂದು ಗಂಡನ ಕೋರಿಕೆಯಂತೆ ದೊರೆ ಪೊನ್ನಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಬ್ರಹ್ಮೇಶ್ವರ ದೇವಾಲಯ ಕಟ್ಟಿಸಿದವಳೂ ಹೆಂಗಸೇ, ಬಮ್ಮವೆ ನಾಯಕಿತಿ. ಇಂಥ ನೂರಾರು ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ ಆರನೆಯ ಮತ್ತು ಏಳನೆಯ ಸಂಪುಟಗಳಲ್ಲಿ ಈ ತಾಲ್ಲೂಕುಗಳ ಹೆಸರಿನಡಿ ಅಚ್ಚಾಗಿವೆ. ದತ್ತಿ ಶಾಸನವೊಂದರ ಅಂಗಗಳನ್ನು ಬಿಡಿಸಿದರೆ ಅದು ಟ್ರಸ್ಟ್ ಪತ್ರದ ಅಂಗಗಳಂತೆಯೇ ಇದೆ. ಕೊಟ್ಟವರು ಯಾರು, ಯಾವ ದಿನ, ಕೊಟ್ಟದ್ದು ಏನು, ಅದರ ಚತುಸ್ಸೀಮೆ ಯಾವ ಮರದಿಂದ ಯಾವ ಬಂಡೆಗೆ, ಬಂದ ಹುಟ್ಟುವಳಿ ಯಾತಕ್ಕೆ ಸಲ್ಲಬೇಕು, ನಂದಾದೀಪಕ್ಕೆ ಎಷ್ಟು, ನೈವೇದ್ಯಕ್ಕೆ ಎಷ್ಟು, ನಡೆಸಿಕೊಂಡು ಹೋಗುವವರು ಯಾರು, ಸ್ಥಾನಿಕರೋ ಮಹಾಜನರೋ, ಕೊನೆಯಲ್ಲಿ ಸಾಕ್ಷಿಗಳು. ಗಂಗರ ತಾಮ್ರಪಟಗಳಲ್ಲಿ ತೊಂಬತ್ತಾರುಸಾಸಿರ ನಾಡಿನ ಅಧಿಕಾರಿಗಳನ್ನೇ ಸಾಕ್ಷಿಗಳೆಂದು ಬರೆಯುವ ರೂಢಿಯಿತ್ತು. ಕಲ್ಲಿನಲ್ಲಿ ಬರೆದದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿರಲಿಲ್ಲ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ದಿನವೂ ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು.

ಶಾಸನದ ಕೊನೆಯ ಶಾಪಾಶಯವನ್ನು ಇಂದಿನ ಓದುಗ ಅಲಂಕಾರವೆಂದು ದಾಟಿಬಿಡುತ್ತಾನೆ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆ, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಹೊರುತ್ತಾನೆ ಎಂಬ ಮಾತುಗಳಿಗೆ ಒಂದು ಕೆಲಸವಿತ್ತು. ಕೊಟ್ಟವನು ಸತ್ತ ಮೇಲೆ, ಅವನ ವಂಶವೇ ಹೋದ ಮೇಲೆ, ಷರತ್ತನ್ನು ಜಾರಿಗೊಳಿಸುವವರು ಯಾರು ಎಂಬ ಪ್ರಶ್ನೆಗೆ ಅವು ಆ ಕಾಲದ ಉತ್ತರ. ಭಯಕ್ಕಿಂತ ಹೆಚ್ಚಾಗಿ ಅದು ಮುಂದಿನವರಿಗೆಲ್ಲ ಕೊಟ್ಟ ನೋಟೀಸು: ಈ ಹೊಲ ಯಾರದೆಂದು ನಿಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದೇ ತತ್ವ ಇಂದಿಗೂ ನಡೆಯುತ್ತಿರುವುದನ್ನು ನೋಡಬೇಕೆಂದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಇದೆ. ಚೆಲುವನಾರಾಯಣನ ವೈರಮುಡಿ ಕಿರೀಟ ವರ್ಷವಿಡೀ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಅಧಿಕಾರಿಗಳು, ಸ್ಥಾನಿಕರು ಸೇರಿ ಅದನ್ನು ಹೊರತೆಗೆಯುತ್ತಾರೆ, ಪೊಲೀಸ್ ಕಾವಲಿನಲ್ಲಿ, ದಾರಿಯ ಊರುಗಳಲ್ಲಿ ಪೂಜೆ ಮಾಡಿಸಿಕೊಳ್ಳುತ್ತ ಅದು ಬೆಟ್ಟಕ್ಕೆ ಬರುತ್ತದೆ, ಆಭರಣಗಳ ಪರ್ಕಾವಣೆಯಾಗುತ್ತದೆ. ರಾಜ ಒಡೆಯರು ಕೊಟ್ಟ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ ಕೂಡ ದೇವಸ್ಥಾನದ ಸೊತ್ತಾಗಿಯೇ ಉಳಿದಿವೆ. ಕೊಟ್ಟ ವಂಶದ ಅಧಿಕಾರ ಹೋಯಿತು, ಆಡಳಿತ ಮುಜರಾಯಿ ಇಲಾಖೆಗೆ ಬಂತು, ಕಿರೀಟಗಳು ಮಾತ್ರ ಕೊಟ್ಟ ಉದ್ದೇಶಕ್ಕೇ ಸಲ್ಲುತ್ತಿವೆ. ವರ್ಷಕ್ಕೊಮ್ಮೆ ಸಾವಿರಾರು ಜನರ ಕಣ್ಣೆದುರು ಲೆಕ್ಕ ಕೊಡುವ ಏರ್ಪಾಡಿಗಿಂತ ಗಟ್ಟಿಯಾದ ಧರ್ಮದರ್ಶಿತ್ವ ಯಾವ ಕಾಗದದಲ್ಲೂ ಇಲ್ಲ. ರಂಗನಾಯಕಿಯ ಒಡವೆಗೆ ಇಲ್ಲದೆ ಹೋದದ್ದು ಇದೇ.

ಇಲ್ಲೊಂದು ಆಕ್ಷೇಪ ಏಳುತ್ತದೆ. ದೇವರಿಗೆ ಬಿಟ್ಟದ್ದರ ಕಥೆ ಬೇರೆ, ಮಕ್ಕಳಿಗೆ ಬಿಡುವುದರ ಕಥೆ ಬೇರೆ. ಎರಡೆಕರೆ ಗದ್ದೆಯ ಒಕ್ಕಲಿಗ ಕಲ್ಲು ಕೆತ್ತಿಸಿದನೇ? ಕೆತ್ತಿಸಲಿಲ್ಲ. ಅವನಿಗೆ ಅದರ ಅಗತ್ಯವೂ ಇರಲಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಯಜಮಾನ, ಒಬ್ಬನೇ ಒಡೆಯನಲ್ಲ. ತನ್ನದೇ ಅಲ್ಲದ್ದನ್ನು ಅವನು ಬರೆದಿಟ್ಟು ಹೋಗುವುದೇನು? ಇಂಗ್ಲಿಷ್ ಕೋರ್ಟುಗಳು ಬಂದು ಉಯಿಲು ಎಂಬ ಪದ್ಧತಿ ಬೇರೂರುತ್ತಿದ್ದ ಕಾಲದಲ್ಲೂ, 1874ರಲ್ಲಿ, ಮದರಾಸು ಹೈಕೋರ್ಟು ಅವಿಭಕ್ತ ಕುಟುಂಬದವನು ತನ್ನ ಪಾಲನ್ನು ಉಯಿಲು ಮಾಡಲಾರ ಎಂದಿತು: ಪ್ರಾಣ ಹೋದ ಕ್ಷಣದಲ್ಲೇ ಪಾಲು ಉಳಿದವರಿಗೆ ಸೇರಿಹೋಗಿರುತ್ತದೆ, ಉಯಿಲಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಹಾಗಾಗಿ ರೈತನ ಮನೆಯ ಏರ್ಪಾಡೆಂದರೆ ಪಾಲು. ಅದು ಬದುಕಿರುವಾಗಲೇ, ಪಂಚಾಯ್ತಿದಾರರು ಜಗುಲಿಯಲ್ಲಿ ಕೂತು, ಶಾನುಭೋಗರು ಬರೆದು, ಪಟೇಲರು ರುಜು ಹಾಕಿ ಆಗುತ್ತಿತ್ತು. ಗದ್ದೆ, ಬೆದ್ದಲು, ಹಿತ್ತಲು, ಬಾವಿಯ ನೀರಿನ ಸರದಿ, ಸಾಲದ ಹೊರೆ, ಅಪ್ಪ ಅಮ್ಮ ಯಾರ ಮನೆಯಲ್ಲಿ ಎಷ್ಟು ತಿಂಗಳು ಎಂಬುದು ಕೂಡ ಪಾಲಿನ ಪತ್ರವಾದ ಪಾರೀಖತ್ತಿನಲ್ಲಿ ಬರುತ್ತಿತ್ತು. ಕಲ್ಲಿನ ಬದಲು ಇಲ್ಲಿ ಊರಿನ ನೆನಪೇ ದಾಖಲೆ. ಸಾಧನ ಬೇರೆ, ಕ್ರಮ ಅದೇ.

ಅರಮನೆಯವರೂ ಈ ಕ್ರಮದಿಂದಲೇ ಬದುಕಿಕೊಂಡರು. ಶ್ರೀರಂಗಪಟ್ಟಣದ ಪತನದ ನಂತರ 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತ ತೆಗೆದುಕೊಂಡಿದ್ದರು. ಪಟ್ಟಕ್ಕೆ ಬರಬಹುದಾದ ಗಂಡು ಮಗ ಉಳಿದಿರಲಿಲ್ಲ. ವಾರಸುದಾರನಿಲ್ಲದ ಸಂಸ್ಥಾನಗಳನ್ನು ಡಾಲ್‌ಹೌಸಿ ನುಂಗಿದ ಕಾಲ ಆಗಷ್ಟೇ ಕಳೆದಿತ್ತು. ರಾಜರು ತಮ್ಮ ರಾಜ್ಯವನ್ನು ಬ್ರಿಟಿಷ್ ಸರ್ಕಾರಕ್ಕೇ ಬಿಟ್ಟುಹೋಗುತ್ತಾರೆಂಬ ನಿರೀಕ್ಷೆ ಕಲ್ಕತ್ತೆಯ ಅಧಿಕಾರಿಗಳಲ್ಲಿ ಬೆಳೆದಿತ್ತು. ರಾಜರು ಎಂದೋ ಆಡಿದರೆನ್ನಲಾದ ಮಾತುಗಳು ಅದಕ್ಕೆ ಆಧಾರ. ರಾಜರು ಉತ್ತರ ಕೊಟ್ಟದ್ದು ಕಾಗದದಲ್ಲಲ್ಲ. 1865ರ ಜೂನ್‌ನಲ್ಲಿ, ಬ್ರಿಟಿಷರ ಒಪ್ಪಿಗೆಗೆ ಕಾಯದೆ, ಎರಡು ವರ್ಷದ ಚಾಮರಾಜೇಂದ್ರರನ್ನು ಎಲ್ಲರೂ ನೋಡುವಂತೆ ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡರು. ಸರ್ಕಾರ ಮೊದಲು ಒಪ್ಪಲಿಲ್ಲ. ಲಂಡನ್ನಿನಲ್ಲಿ ವಾದ ನಡೆಯಿತು, ಇವಾನ್ಸ್ ಬೆಲ್ ರಾಜರ ಪರವಾಗಿ ಪುಸ್ತಕವನ್ನೇ ಬರೆದ. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತುಪುತ್ರನ ಹಕ್ಕನ್ನು ಮಾನ್ಯ ಮಾಡಿತು. ರಾಜರು 1868ರ ಮಾರ್ಚ್‌ನಲ್ಲಿ ತೀರಿಕೊಂಡರು. 1881ರಲ್ಲಿ ರಾಜ್ಯ ಚಾಮರಾಜೇಂದ್ರರ ಕೈಗೆ ಬಂತು. ದತ್ತು ಗೆದ್ದದ್ದಕ್ಕೆ ಇಂಗ್ಲೆಂಡಿನ ರಾಜಕಾರಣವೂ ಕಾರಣ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ರಾಜಕಾರಣಕ್ಕೆ ಹಿಡಿದುಕೊಳ್ಳಲು ಒಂದು ನೆಲೆ ಬೇಕಿತ್ತು. ಆಡಿದರೆನ್ನಲಾದ ಮಾತಿನ ಎದುರು ಎಲ್ಲರೂ ಕಂಡ ಕಾರ್ಯ ನಿಂತಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಊರೆದುರು ಎಂದರೆ ಯಾರೆದುರು? ಜಗುಲಿಯ ಮೇಲೆ ಕೂತವರೆಲ್ಲ ಗಂಡಸರು, ಅದರಲ್ಲೂ ಭೂಮಿಯಿದ್ದವರು. ಪಾರೀಖತ್ತಿಗೆ ಮಗಳ ರುಜು ಬೇಕಿರಲಿಲ್ಲ, ಏಕೆಂದರೆ ಅವಳಿಗೆ ಪಾಲೇ ಇರಲಿಲ್ಲ. ಅಪ್ಪನೋ ಅಣ್ಣನೋ ಮನಸ್ಸು ಮಾಡಿದರೆ ಅರಿಶಿನ ಕುಂಕುಮಕ್ಕೆಂದು ಒಂದು ತುಂಡು ಹೊಲ. ಗಂಡು ಮಕ್ಕಳಿಲ್ಲದ ಮನೆಯಾದರೆ ಅಳಿಯನನ್ನು ಮನೆವಾಳ್ತನಕ್ಕೆ ತಂದುಕೊಳ್ಳುವುದು. ವಿಧವೆಗೆ ಜೀವನಾಂಶ. ಗಂಡು ಸಂತಾನವಿಲ್ಲದೆ ಸತ್ತ, ಪಾಲಾಗಿ ಬೇರೆಯಾಗಿದ್ದವನ ಆಸ್ತಿ ಹೆಂಡತಿಗೆ ಸೇರಬೇಕೆಂದು ವಿಜ್ಞಾನೇಶ್ವರ ವಾದಿಸಿದ್ದ ನಿಜ. ಕೂಡುಕುಟುಂಬದ ಮನೆಗಳಲ್ಲಿ ಆ ವಾದದಿಂದ ಅವಳಿಗೆ ಸಿಕ್ಕಿದ್ದೇನೂ ಇಲ್ಲ. ಕುಂದಾಚ್ಚಿ, ಬಮ್ಮವೆಯರು ಅರಸುಮನೆತನದವರು, ನಾಯಕರ ಮನೆಯವರು. ಅವರಿಂದ ಊರ ಹೆಂಗಸರ ಸ್ಥಿತಿ ಅಳೆಯಲಾಗದು. ಬಹಿರಂಗವಾಗಿ ನಡೆದದ್ದರಿಂದಲೇ ಈ ಅನ್ಯಾಯ ಇನ್ನಷ್ಟು ಗಟ್ಟಿಯಾಯಿತು, ಪ್ರಶ್ನೆ ಮಾಡುವವರು ಇಡೀ ಊರನ್ನೇ ಎದುರು ಹಾಕಿಕೊಳ್ಳಬೇಕಾಯಿತು ಎಂದರೂ ತಪ್ಪಲ್ಲ.

ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ಬಹಿರಂಗತೆಯಿಂದ ಸಿಗುವುದು ರುಜುವಾತು, ನ್ಯಾಯವಲ್ಲ. ಪಾಲು ಹೇಗಾಯಿತು ಎಂಬುದನ್ನು ಅದು ಕಾಯುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಸರಿಪಡಿಸಲು ಕಾನೂನೇ ಬರಬೇಕು. ಮೈಸೂರಿನಲ್ಲಿ ಅದು ಬೇಗ ಬಂತು. ನ್ಯಾಯಾಧೀಶರಾಗಿದ್ದ ಕೆ.ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಪರಿಶೀಲಿಸಿತು; ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ ಜಾರಿಗೆ ಬಂತು. ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಎಂದು ಅದು ವಿಧಿಸಿತು. ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಹಕ್ಕಿನ ಕಾಯ್ದೆ ಬಂದದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. ಕಾಲುಭಾಗ ಕಡಿಮೆಯೇ. ಆದರೂ ಅಣ್ಣನ ದಾಕ್ಷಿಣ್ಯದ ಮೇಲೆ ನಿಂತಿದ್ದ ಅರಿಶಿನ ಕುಂಕುಮದ ಜಾಗದಲ್ಲಿ ಅಳತೆ ಹಾಕಿದ ಹಕ್ಕು ಬಂದದ್ದು ಸಣ್ಣ ಬದಲಾವಣೆಯಲ್ಲ.

ಅದೇ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಉಯಿಲು ಈ ಹಳ್ಳಿಗಳಿಗೆ ಬಂದ ಬಗೆ ತಿಳಿಯುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯಿಂದ ನಾಲೆ ಹರಿದು ರಾಗಿ ಬೆಳೆಯುತ್ತಿದ್ದ ಬೆದ್ದಲಿನಲ್ಲಿ ಕಬ್ಬು, ಬತ್ತ ನಿಂತವು. ಮುಂದೆ ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರು ಕೆ.ಆರ್. ಪೇಟೆ, ನಾಗಮಂಗಲದ ಕಡೆಗೂ ಬಂತು. ಪಾಂಡವಪುರದಲ್ಲಿ, ಮಾಕವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಾದವು. ಮಳೆ ನಂಬಿದ ಹೊಲಕ್ಕೆ ಪಾಲಿನ ಜಗಳ ಒಂದು ಮಟ್ಟದ್ದು. ವರ್ಷಾ ವರ್ಷ ಕಾರ್ಖಾನೆಯಿಂದ ಬಟವಾಡೆ ತರುವ ನಾಲೆಬಯಲಿಗೆ ಅದರ ಖದರೇ ಬೇರೆ. ಮೇಲಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಹಳೆಯ ಕಟ್ಟನ್ನು ಬಿಚ್ಚಿತು: ಕೂಡುಕುಟುಂಬದವನೂ ತನ್ನ ಅವಿಭಕ್ತ ಪಾಲನ್ನು ಉಯಿಲು ಮಾಡಬಹುದು. ಪಾಲಿನ ಪಂಚಾಯ್ತಿ ಇಲ್ಲದೆ, ಅಣ್ಣತಮ್ಮಂದಿರಿಗೆ ತಿಳಿಯದೆ, ಪತ್ರ ಬರಹಗಾರರ ಬಳಿ ಒಂದು ಮಧ್ಯಾಹ್ನ ಕೂತು ಆಸ್ತಿಯ ದಾರಿ ತಿರುಗಿಸುವ ಶಕ್ತಿ ಮೊದಲ ಸಲ ಸಾಮಾನ್ಯ ರೈತನ ಕೈಗೆ ಬಂತು. ಆ ಶಕ್ತಿಯನ್ನು ಮಗಳಿಗೆ ಕೊಡಲು ಬಳಸಿದವರೂ ಇದ್ದರು, ಕೊಡದಿರಲು ಬಳಸಿದವರೂ ಇದ್ದರು.

ಗುಟ್ಟಿನ ಕಾಗದವನ್ನು ಎಷ್ಟು ನಂಬಬೇಕೆಂಬ ಪ್ರಶ್ನೆಗೆ ಇಡೀ ದೇಶ ಒಪ್ಪಿಕೊಂಡ ಉತ್ತರ ಹುಟ್ಟಿದ್ದು ಮೈಸೂರಿನ ವ್ಯಾಜ್ಯವೊಂದರಲ್ಲಿ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಎಂಬ ಮೊಕದ್ದಮೆ 1945ರ ಒಂದು ಉಯಿಲಿನ ಬಗ್ಗೆ. ಬರೆಸಿದವರು ಒಬ್ಬ ವಯಸ್ಸಾದ ಮಹಿಳೆ. ಉಯಿಲನ್ನು ಕೋರ್ಟಿಗೆ ತಂದವರೇ ಅದರ ತಯಾರಿಯಲ್ಲಿ ಮುಂದಾಗಿ ಓಡಾಡಿದ್ದರು. ಅವರ ಕಡೆಯವರಿಗೆ ಅದರಿಂದ ದೊಡ್ಡ ಲಾಭವಿತ್ತು. ಮೈಸೂರು ಹೈಕೋರ್ಟು ಉಯಿಲನ್ನು ನಂಬಲಿಲ್ಲ; 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಅದೇ ತೀರ್ಮಾನವನ್ನು ಎತ್ತಿಹಿಡಿದರು. ಆ ತೀರ್ಪಿನ ಸಾರ ಇದು: ಉಳಿದ ಪತ್ರಗಳಂತಲ್ಲ ಉಯಿಲು, ಅದು ಕೋರ್ಟಿಗೆ ಬರುವ ಹೊತ್ತಿಗೆ ಬರೆಸಿದವರು ಬದುಕಿರುವುದಿಲ್ಲ. ಹೌದು, ಇದು ನನ್ನದೇ ಎನ್ನಲೂ ಅವರಿಲ್ಲ, ಅಲ್ಲ ಎನ್ನಲೂ ಇಲ್ಲ. ಆದ್ದರಿಂದ ಸಂಶಯ ಹುಟ್ಟಿಸುವ ಸಂದರ್ಭಗಳಿದ್ದರೆ ಅವನ್ನು ಕಳೆಯುವ ಹೊಣೆ ಉಯಿಲನ್ನು ಹಿಡಿದು ಬಂದವನದು. ಎದುರಾಳಿ ಮೋಸವೆಂದು ಹೇಳದಿದ್ದರೂ ಕೋರ್ಟಿನ ಮನಸ್ಸಿಗೆ ಒಪ್ಪಿಗೆಯಾಗಬೇಕು. ನಡುಗುವ ಸಹಿ, ಕುಗ್ಗಿದ ಬುದ್ಧಿ, ಹತ್ತಿರದವರನ್ನು ಕಾರಣವಿಲ್ಲದೆ ಬಿಟ್ಟಿರುವುದು, ಲಾಭ ಪಡೆಯುವವನೇ ಬರೆಸಿರುವುದು, ಇವೆಲ್ಲ ಸಂಶಯದ ಗುರುತುಗಳು. ಅರವತ್ತು ವರ್ಷಗಳಾದರೂ ಉಯಿಲಿನ ಮೊಕದ್ದಮೆಗಳಲ್ಲಿ ಈ ತೀರ್ಪಿನ ಹೆಸರು ಬಾರದಿರುವುದು ಅಪರೂಪ.

ತೀರ್ಪನ್ನು ಹಿಂದಿನಿಂದ ಓದಿದರೆ ಒಳ್ಳೆಯ ಉಯಿಲು ಹೇಗಿರಬೇಕೆಂಬುದು ತಾನಾಗಿ ಹೊರಬರುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವುದು ಸ್ವಲ್ಪವೇ: ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಅಥವಾ ಅವರ ಬಾಯಿಂದಲೇ ಕೇಳಿದ ಇಬ್ಬರು ಸಾಕ್ಷಿಗಳು, ಆ ಇಬ್ಬರೂ ಅವರ ಎದುರಿನಲ್ಲೇ ಹಾಕಿದ ಸಹಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಈ ಹಳ್ಳಿಗಳ ಮಟ್ಟಿಗೆ ಪ್ರೊಬೇಟ್ ಕೂಡ ಕಡ್ಡಾಯವಲ್ಲ. ಆದರೆ ವ್ಯಾಜ್ಯವಾದಾಗ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬನಾದರೂ ಕಟಕಟೆ ಹತ್ತಬೇಕು. ಬರೆಸಿದವರಿಗಿಂತ ಕಿರಿಯರಾದ, ಲಾಭವಿಲ್ಲದ, ಊರಿನವರಿಗೆ ಗೊತ್ತಿರುವ ಸಾಕ್ಷಿಗಳನ್ನು ಆರಿಸಬೇಕೆನ್ನುವುದು ಇದರಿಂದಲೇ. ಒಬ್ಬ ಮಗನಿಗೆ ಕಡಿಮೆ ಕೊಟ್ಟಿದ್ದರೆ ಕಾರಣ ಬರೆಯಬೇಕು, ಮರೆತಿಲ್ಲ ಎಂದು ತೋರಿಸಲು. ನೋಂದಣಿ ಮಾಡಿಸಿದರೆ ಸಬ್ ರಿಜಿಸ್ಟ್ರಾರರ ಎದುರು ಒಪ್ಪಿಕೊಂಡಂತಾಗುತ್ತದೆ. ನೋಂದಣಿಯೊಂದೇ ಎಲ್ಲ ಸಂಶಯವನ್ನೂ ಕಳೆಯದೆಂದು ಕೋರ್ಟುಗಳು ಹೇಳಿವೆಯಾದರೂ ಅದರ ಬಲ ಕಡಿಮೆಯದಲ್ಲ. ಶ್ರೀರಂಗಪಟ್ಟಣ, ನಾಗಮಂಗಲಗಳ ಮುಸ್ಲಿಂ ಮನೆಗಳಲ್ಲಿ ಈ ಪ್ರಶ್ನೆಗೆ ಬೇರೊಂದು ಕಡಿವಾಣ ಮೊದಲಿನಿಂದ ಇದೆ: ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಸಿಯತ್ತಿನಲ್ಲಿ ಕೊಡುವಂತಿಲ್ಲ, ವಾರಸುದಾರರಲ್ಲೇ ಒಬ್ಬರಿಗೆ ಹೆಚ್ಚು ಕೊಡಬೇಕಾದರೆ ಸುನ್ನಿ ಪದ್ಧತಿಯಲ್ಲಿ ಉಳಿದವರು ಒಪ್ಪಬೇಕು. ಅಂದರೆ ಅಲ್ಲಿ ಉಳಿದವರಿಗೆ ತಿಳಿಯದ ಏರ್ಪಾಡಿಗೆ ಜಾಗವೇ ಕಡಿಮೆ.

ಹೆಣ್ಣುಮಕ್ಕಳ ಹಕ್ಕಿನ ಮುಂದಿನ ಚರಿತ್ರೆ ಕೂಡ ಇದೇ ದಾರಿಗೆ ಬಂದು ಸೇರಿದೆ. 1994ರ ಕರ್ನಾಟಕ ತಿದ್ದುಪಡಿ ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದ ತೆಗೆಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ವಾದವನ್ನೂ ತಳ್ಳಿಹಾಕಿತು. ಅಣ್ಣತಮ್ಮಂದಿರ ಕೊನೆಯ ವಾದ ಒಂದಿತ್ತು: ನಮ್ಮಲ್ಲಿ ಎಂದೋ ಬಾಯಿಮಾತಿನಲ್ಲಿ ಪಾಲಾಗಿಹೋಗಿದೆ, ಈಗ ಕೊಡಲು ಕೂಡುಕುಟುಂಬದ ಆಸ್ತಿಯೇ ಇಲ್ಲ. ಅದಕ್ಕೆ ಕೋರ್ಟು ಕೊಟ್ಟ ಉತ್ತರ, ಬಾಯಿಪಾಲನ್ನು ಸುಮ್ಮನೆ ನಂಬಲಾಗದು, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು ಸಂಶಯಕ್ಕೆ ಎಡೆಯಿಲ್ಲದಿದ್ದರೆ ಮಾತ್ರ ಅಪರೂಪಕ್ಕೆ ಒಪ್ಪಬಹುದು ಎಂದು. ಹಿಂದೆ ಮಗಳನ್ನು ಹೊರಗಿಟ್ಟಿದ್ದ ಬಹಿರಂಗತೆಯೇ ಈಗ ಅವಳ ಪರವಾಗಿ ನಿಂತಿದೆ. ಜಗುಲಿಯ ಪಂಚಾಯ್ತಿಗೆ ಕಾನೂನು ಅವಳನ್ನೂ ಕರೆದು ಕೂರಿಸಿದ ಮೇಲೆ, ನಾಲ್ಕು ಜನರ ಎದುರು ಮಾಡಿ ಎಂಬ ಹಳೆಯ ಷರತ್ತು ಅವಳಿಗೇ ರಕ್ಷಣೆಯಾಯಿತು.

ಬದುಕಿರುವಾಗ ಇನ್ನೊಬ್ಬರ ಕೈಗೆ ಅಧಿಕಾರ ಕೊಡುವ ಪತ್ರದಲ್ಲಿ, ಜನ ಜಿಪಿಎ ಎನ್ನುವ ಮುಖ್ತ್ಯಾರ್ ಪತ್ರದಲ್ಲಿ, ಎಲ್ಲರಿಗೂ ತಿಳಿಯುವಂತೆ ಮಾಡಬೇಕೆಂಬ ಮಾತು ಇನ್ನೂ ಸ್ಪಷ್ಟ. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಮುಂಬೈಗೆ ದುಡಿಯಲು ಹೋದ ಕುಟುಂಬಗಳು ಬಹಳ. 2020ರ ಕೊರೊನಾ ದಿನಗಳಲ್ಲಿ ಅವರು ಹಿಂತಿರುಗಿದಾಗಲಷ್ಟೇ ಹೊರಗಿನವರಿಗೆ ಅದರ ಪ್ರಮಾಣ ಗೊತ್ತಾಯಿತು. ಅಲ್ಲಿದ್ದುಕೊಂಡು ಇಲ್ಲಿಯ ಗದ್ದೆ ನೋಡಿಸಲು, ಕಚೇರಿಯಲ್ಲಿ ರುಜು ಹಾಕಿಸಲು ತಮ್ಮನಿಗೋ ಮಗನಿಗೋ ಜಿಪಿಎ ಬೇಕು. 1882ರ ಕಾಯ್ದೆಯ ಕಾಲದಿಂದ ಅದು ಸಹಜವಾದ ಅನುಕೂಲ. ಆದರೆ ಕೊಟ್ಟವರು ಸತ್ತ ದಿನ ಸಾಮಾನ್ಯವಾಗಿ ಅದೂ ಸಾಯುತ್ತದೆ, ಉಯಿಲು ಎದ್ದು ನಿಲ್ಲುವುದು ಅದೇ ದಿನ. ಇವೆರಡನ್ನೂ ಒಂದು ಕರಾರಿನ ಜೊತೆ ಸೇರಿಸಿ, ನೋಂದಣಿ ಶುಲ್ಕ ತಪ್ಪಿಸಿ, ಕ್ರಯಪತ್ರವಿಲ್ಲದೆಯೇ ಜಮೀನು ಮಾರುವ ಚಾಳಿಯನ್ನು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಂಡಿಸಿತು: ಅಂಥ ಪತ್ರಗಳಿಂದ ಒಡೆತನ ಬರುವುದಿಲ್ಲ; ಮನೆಯವರಿಗೆ ಕೊಟ್ಟ ಪ್ರಾಮಾಣಿಕ ಜಿಪಿಎಗೆ ತೊಂದರೆಯಿಲ್ಲ. ಒಡೆತನ ಬದಲಾಗುವುದು ನೋಂದಾಯಿತ ಕ್ರಯಪತ್ರದಿಂದಲೇ ಎಂದು ಕೋರ್ಟು ಒತ್ತಿ ಹೇಳಿದ್ದು, ಹೊಲ ಯಾರದೆಂದು ಎಲ್ಲರಿಗೂ ಗೊತ್ತಿರಬೇಕೆಂಬ ಕಾರಣಕ್ಕಾಗಿಯೇ.

ಗುಟ್ಟಿಗೂ ಒಂದು ಬೆಲೆಯಿದೆ ಎನ್ನುವವರಿದ್ದಾರೆ. ಮಗಳಿಗೆ ಹೊಲ ಬರೆದದ್ದು ತಿಳಿದರೆ ಮಕ್ಕಳು ಮರುದಿನವೇ ಊಟ ನಿಲ್ಲಿಸಿಯಾರು ಎಂಬ ಭಯ ಕಲ್ಪನೆಯಲ್ಲ. ಮುದುಕರು ದಾನಪತ್ರ ಬರೆದುಕೊಟ್ಟು ಬೀದಿಗೆ ಬಿದ್ದದ್ದರಿಂದಲೇ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನವನ್ನು ಷರತ್ತು ಮುರಿದಾಗ ರದ್ದುಮಾಡಿಸುವ ಕಲಮು ಬಂತು. ಆ ಭಯವಿದ್ದವರಿಗೆ ದಾನಪತ್ರಕ್ಕಿಂತ ಉಯಿಲೇ ಮೇಲು, ಏಕೆಂದರೆ ಬದುಕಿರುವವರೆಗೂ ಅದನ್ನು ಬದಲಾಯಿಸಬಹುದು. ಉಯಿಲನ್ನು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಲು 1908ರ ನೋಂದಣಿ ಕಾಯ್ದೆ ಅವಕಾಶ ಕೊಟ್ಟಿದೆ. ಒಳಗಿನ ಮಾತು ಗುಟ್ಟಾಗಿಯೇ ಉಳಿಯುತ್ತದೆ, ಉಯಿಲು ಇದೆ ಎಂಬುದು ಮಾತ್ರ ದಾಖಲೆಯಾಗುತ್ತದೆ. ಮುಚ್ಚಿಡಬೇಕಾದದ್ದು ಯಾರಿಗೆ ಏನು ಎಂಬುದಿರಬಹುದು. ಬರೆಸಿದವರು ಸ್ವಂತ ಬುದ್ಧಿಯಿಂದ ಬರೆಸಿದರು ಎಂಬುದು ಮಾತ್ರ ಮುಚ್ಚಿದಷ್ಟೂ ಬಲಹೀನ. ಈ ವ್ಯತ್ಯಾಸವನ್ನು ಗುರುತಿಸಿದರೆ ಗುಟ್ಟಿನ ಪರವಾದ ವಾದಕ್ಕೂ ಬಹಿರಂಗದ ಪರವಾದ ವಾದಕ್ಕೂ ಜಗಳವಿಲ್ಲ.

ಈ ಸೀಮೆಯ ಪಹಣಿಗಳನ್ನು ತೆರೆದರೆ ಅಜ್ಜನ, ಮುತ್ತಜ್ಜನ ಹೆಸರೇ ಇನ್ನೂ ನಿಂತಿರುವ ಖಾತೆಗಳು ಬೇಕಾದಷ್ಟು ಸಿಗುತ್ತವೆ. ಪೌತಿ ಖಾತೆ ಮಾಡಿಸಲು ವಂಶವೃಕ್ಷ ತೆಗೆಸಬೇಕು, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರುತ್ತದೆ, ಬಂದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಅದಕ್ಕಿಂತ ಸತ್ತವರ ಹೆಸರಿನಲ್ಲೇ ಉಳುವುದು ವಾಸಿ ಎಂದುಕೊಂಡವರು ಬಹಳ. ಆ ಅನುಕೂಲ ಒಂದು ತಲೆಮಾರಿಗೆ ಮಾತ್ರ. ಬ್ಯಾಂಕಿನ ಸಾಲಕ್ಕೆ, ಭೂಸ್ವಾಧೀನದ ಪರಿಹಾರಕ್ಕೆ ಖಾತೆ ಬೇಕಾದ ದಿನ ಮೂರು ತಲೆಮಾರಿನ ವಾರಸುದಾರರೆಲ್ಲ ಒಟ್ಟಿಗೆ ಎದುರಾಗುತ್ತಾರೆ. ಒಳ್ಳೆಯ ಏರ್ಪಾಡೆಂದರೆ ದುಬಾರಿ ಕಾಗದವಲ್ಲ. ಹಕ್ಕಿರುವ ಪ್ರತಿಯೊಬ್ಬರನ್ನೂ, ಮದುವೆಯಾಗಿ ಹೋದ ಮಗಳನ್ನೂ ಸೇರಿಸಿ, ಎಣಿಕೆಗೆ ತೆಗೆದುಕೊಳ್ಳಬೇಕು. ಮನಸ್ಸು ಗಟ್ಟಿಯಿರುವಾಗಲೇ, ನಂಬಿಕಸ್ಥ ಸಾಕ್ಷಿಗಳೆದುರು, ಕಾರಣ ಸಹಿತ ಬರೆಸಬೇಕು. ಬರೆದದ್ದು ಎಲ್ಲಿದೆ ಎಂದು ಇಬ್ಬರಿಗಾದರೂ ತಿಳಿದಿರಬೇಕು. ಸಾಕ್ಷಿಯ ಪಾಠವನ್ನು ಈ ನೆಲ ಶಾಸನಗಳ ಕಾಲದಲ್ಲೇ ಕಲಿತಿತ್ತು. ಎಲ್ಲರನ್ನೂ ಎಣಿಸುವ ಪಾಠ 1933ರಲ್ಲಿ ಶುರುವಾಗಿ ಕಾನೂನಿನ ಪುಸ್ತಕದಲ್ಲಿ 2020ಕ್ಕೆ ಮುಗಿದಿದೆ. ಮನೆಗಳಲ್ಲಿ ಇನ್ನೂ ಮುಗಿದಿಲ್ಲ.